ಸುಮ್ನೆ ಕೂತ್ಕೊಳ್ಳೋ ಕೋರ್ಸು

ಗ್ರೂಪ್: ತುಮಕೂರು ನಮ್ಮನೆಯವರು

ಮಧುಗಿರಿ ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಪೋಷಕರೇ ಎಚ್ಚರ!! ಹೆರಿಗೆ ಕೇಂದ್ರದಲ್ಲಿ ಟ್ರೈನಿಂಗ್ ಹುಡುಗೀರು ದಿನವಿಡೀ ಬಸುರಿ ಪಕ್ಕ ಸ್ಟೂಲ್ ಹಾಕ್ಕೊಂಡು ಸುಮ್ನೆ ಕೂತಿರ್ತಾರೆ. ಇದಕ್ಕೆ 18 ತಿಂಗಳು ಬೇಕಾ? ನಮ್ಮ ಸೂಲಗಿತ್ತಿ ನರಸಮ್ಮ ಯಾವ ಕೋರ್ಸ್ ಮಾಡಿದ್ರು? 10 ಜನಕ್ಕೆ ಕಳಿಸಿ 🙏

ಮಧುಗಿರಿ ಮಾವ: ನಮ್ಮ ಪುಟ್ಟಿ ಸೇರಿರೋದೂ ಇದೇ ಅಲ್ವಾ? ಅವತ್ತೇ ಹೇಳ್ದೆ.

ಬೆಂಗಳೂರು ಅಣ್ಣ: ಯಾರು ಬರೆದಿದ್ದು ಮಾವ? ಯಾವ ಕೇಂದ್ರ? ಹೋದ್ಸಲ ಕಿಡ್ನಿ ಕಲ್ಲಿನ ಮೆಸೇಜ್‌ಗೂ ಕೇಳಿದ್ದೆ, ಉತ್ತರ ಬಂದಿಲ್ಲ.

ಮಧುಗಿರಿ ಮಾವ: ಗೃಹಪ್ರವೇಶಕ್ಕೆ ಯಾಕೆ ಬರಲಿಲ್ಲ ಅಂತ ನಾನೂ ಕೇಳಿದ್ದೆ. ಉತ್ತರ ಬಂತಾ?

ಗುಬ್ಬಿ ಅಕ್ಕ: ಸುಮ್ನೆ ಕೂತಿರಲ್ಲ ಮಾವ, ಕೈ ಹೊಟ್ಟೆ ಮೇಲಿರುತ್ತೆ. 10 ನಿಮಿಷದಲ್ಲಿ ಎಷ್ಟು ನೋವು ಬಂತು, ಒಂದೊಂದೂ ಎಷ್ಟು ಸೆಕೆಂಡ್ ಇತ್ತು ಅಂತ ಎಣಿಸ್ತಿರ್ತಾರೆ. ಅರ್ಧ ಗಂಟೆಗೊಂದ್ಸಲ ಮಗು ಎದೆಬಡಿತ ಕೇಳಬೇಕು, ನೋವು ಇಳಿದ ಕೂಡ್ಲೇ, ಪೂರ್ತಿ ಒಂದು ನಿಮಿಷ. 110ರಿಂದ 160ರೊಳಗಿರಬೇಕು. ಮುಕ್ಕೋಕೆ ಶುರುವಾದ್ಮೇಲೆ 5 ನಿಮಿಷಕ್ಕೊಂದ್ಸಲ. ಹೊಸಬರು ಎಡವೋದು ಎಲ್ಲಿ ಗೊತ್ತಾ? ತಾಯಿ ನಾಡೀನೇ ಮಗೂದು ಅಂದ್ಕೊಂಡು ಬರೆದ್ಬಿಡ್ತಾರೆ. ಅದಕ್ಕೇ ಇನ್ನೊಂದು ಕೈ ತಾಯಿ ಮಣಿಕಟ್ಟಿನ ಮೇಲೆ. ಎರಡು ಲೆಕ್ಕವೂ ಒಂದೇ ಬಂದ್ರೆ ಜಾಗ ಬದಲಿಸಿ ಮತ್ತೆ ಹುಡುಕಬೇಕು.

ಶಿರಾ ದೊಡ್ಡಪ್ಪ: ಪುಸ್ತಕ ಓದಿ ಯಾರೂ ಹೆತ್ತಿಲ್ಲ. ಹಿರಿಯರ ಅನುಭವಕ್ಕೆ ಬೆಲೆ ಕೊಡೋದು ಕಲೀರಿ.

ಬೆಂಗಳೂರು ಅಣ್ಣ: ನೀವೂ ಹೆತ್ತಿಲ್ಲ ದೊಡ್ಡಪ್ಪ.

ಶಿರಾ ದೊಡ್ಡಪ್ಪ: ಇದೇ ನಿಮ್ಮಪ್ಪ ಕಲಿಸಿದ್ದು.

ತಿಪಟೂರು ಚಿಕ್ಕಿ: ಅಯ್ಯೋ ಬಿಡಿ. ಕತ್ತಲೆ ಕೋಣೆ, ಲೋಬಾನದ ಹೊಗೆ, ಬೆಳ್ಳುಳ್ಳಿ ಸಾರು, ಹಂಡೆ ತುಂಬ ಬೇವಿನಸೊಪ್ಪಿನ ನೀರು... ಅಂದಹಾಗೆ ಅಜ್ಜಿಯ ತಾಮ್ರದ ಹಂಡೆ ಈಗ ಯಾರ ಮನೇಲಿದೆ?

ಗುಬ್ಬಿ ಅಕ್ಕ: ಅದೇ ಕೋಣೇಲಿ ಕುಡುಗೋಲಲ್ಲಿ ಹೊಕ್ಕುಳಬಳ್ಳಿ ಕೊಯ್ದು ಬೂದಿ ಹಚ್ಚೋರೂ ಇದ್ರು ಚಿಕ್ಕಿ, ಕೂಸಿಗೆ ಧನುರ್ವಾಯು ಬರ್ತಿತ್ತು. ನಮ್ಮ ದೇಶದಲ್ಲಿ ಅದು ನಿರ್ಮೂಲ ಆಯ್ತು ಅಂತ ಘೋಷಣೆಯಾಗಿದ್ದೇ 2015ರಲ್ಲಿ. ಇನ್ನು ಪಾವಗಡದ ನರಸಮ್ಮನವರು, 15,000ಕ್ಕೂ ಹೆಚ್ಚು ಹೆರಿಗೆ, 2018ರಲ್ಲಿ ಪದ್ಮಶ್ರೀ. ಅವರೇನು ಕಲೀದೆ ಮಾಡಿದ್ರಾ? ಅಜ್ಜಿ ಪಕ್ಕ ಕೂತೇ ಕಲಿತಿದ್ದು.

ಮಧುಗಿರಿ ಮಾವ: ನೋಡಿದ್ರಾ, ಕೂತೇ ಅಂತ ಅವಳೇ ಒಪ್ಕೊಂಡ್ಲು 😄

ಗುಬ್ಬಿ ಅಕ್ಕ: ಮಗು ಹುಟ್ಟಿದ್ಮೇಲೆ ಕೂರೋಕೆ ಪುರುಸೊತ್ತೇ ಇಲ್ಲ. ಹೊಟ್ಟೆ ಮುಟ್ಟಿ ಇನ್ನೊಂದು ಕೂಸಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್. ಅದು ಫ್ರಿಜ್ಜಲ್ಲಿ 2ರಿಂದ 8 ಡಿಗ್ರೀಲಿ ಇರಬೇಕು. ಬೇಸಿಗೇಲಿ ಟ್ರೇ ಮೇಲೇ ಬಿಟ್ಟಿದ್ರೆ ಸತ್ವ ಹೋಗುತ್ತೆ, ಇಂಜೆಕ್ಷನ್ ಕೊಟ್ಟೂ ರಕ್ತ ನಿಲ್ಲಲ್ಲ. ಆಮೇಲೆ ಒಂದು ಕೈ ಕೆಳಹೊಟ್ಟೆ ಮೇಲಿಟ್ಟು ಗರ್ಭಕೋಶನ ಮೇಲಕ್ಕೆ ತಡೆದು, ಇನ್ನೊಂದು ಕೈಲಿ ಬಳ್ಳಿನ ನಿಧಾನಕ್ಕೆ ಎಳೀಬೇಕು.

ಕೊರಟಗೆರೆ ಅತ್ತೆ: ಗರ್ಭಕೋಶ ಗಟ್ಟಿಯಾಗೋತನಕ ಕಾಯಬೇಕು ಅನ್ನೋದನ್ನ ಬಿಟ್ಟೆಯಲ್ಲೇ! ಮೆತ್ತಗಿರುವಾಗ ಎಳೆದ್ರೆ ಒಳಗಿಂದು ಮಗುಚಿಕೊಂಡು ಆಚೆ ಬರುತ್ತೆ. ಮಾಸು ಬಿದ್ಮೇಲೆ ಪೂರ್ತಿ ಇದೆಯಾ ಅಂತ ತಿರುಗಿಸಿ ನೋಡಬೇಕು. ಆಮೇಲೆ ಎರಡು ಗಂಟೆ ಕಾಲ, 15 ನಿಮಿಷಕ್ಕೊಂದ್ಸಲ ಹೊಟ್ಟೆ ಮುಟ್ಟಿ, ಪ್ಯಾಡ್ ನೋಡಿ, ಬಿಪಿ.

ಗುಬ್ಬಿ ಅಕ್ಕ: ಬರೀತಿದ್ದೆ ಅತ್ತೆ, ಅಷ್ಟರಲ್ಲಿ ನೀವು ಬಂದ್ರಿ.

ಕೊರಟಗೆರೆ ಅತ್ತೆ: ಯಾವಾಗ್ಲೂ ಹೀಗೇ ಅಂತೀಯ.

ತಿಪಟೂರು ಚಿಕ್ಕಿ: ಹಂಡೆ?

ಶಿರಾ ದೊಡ್ಡಪ್ಪ: ಬಿ.ಕಾಂ. ಮಾಡಿಸು ಅಂದಿದ್ದೆ. ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ.

ಪುಟ್ಟಿ: ಈಗ ಡ್ಯೂಟಿ ಮುಗೀತು. ಅಕ್ಕಾ, ಹೆರಿಗೆ ಹೇಗೆ ಸಾಗ್ತಿದೆ ಅಂತ ಗುರುತು ಹಾಕೋ ಹಾಳೇಲಿ, ತಡ ಆದ್ರೆ ಎಚ್ಚರಿಸೋ ಗೆರೆ ಇದ್ಯಲ್ಲ, ಆ ಅಲರ್ಟ್ ಲೈನ್ ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದಾಗಿಂದಲೋ 5ರಿಂದಲೋ? ನಾಳೆ ವೈವಾ.

ಗುಬ್ಬಿ ಅಕ್ಕ: ಆ ಗೆರೆ ಇರೋ ಪಾರ್ಟೋಗ್ರಾಫ್ ಹಾಳೆ ಆದ್ರೆ 4. ಡಬ್ಲ್ಯೂಎಚ್‌ಒದ 2020ರ ಲೇಬರ್ ಕೇರ್ ಗೈಡ್ ಅನ್ನೋ ಹಾಳೆ ಆದ್ರೆ 5ರಿಂದ, ಅದರಲ್ಲಿ ಅಲರ್ಟ್ ಲೈನೇ ಇಲ್ಲ. ನಿಮಗೆ ಕೊಟ್ಟಿರೋ ಹಾಳೆ ಯಾವುದು, ಫೋಟೋ ಹಾಕು.

ತಿಪಟೂರು ಚಿಕ್ಕಿ: ಹಂಡೇದೂ ಒಂದು ಫೋಟೋ ಹಾಕಲಿ, ಯಾರ ಹತ್ರ ಇದೆಯೋ ಅವರು.

ಮಧುಗಿರಿ ಮಾವ: 👍

ತಿಪಟೂರು ಚಿಕ್ಕಿ: ಆ 👍 ಯಾರಿಗೆ ಅಣ್ಣ?