ಶೇಕಡಾ ಲೆಕ್ಕ ಬಿಟ್ಟು ಏಳುವ ವೇಗ ನೋಡಿ ಸ್ಕ್ವಾಟ್ ತೂಕ ಹಾಕುವುದು ಹೇಗೆ? ಕೈಲಿರುವುದು ಫೋನ್ ಮಾತ್ರ

ತೊಡೆತಟ್ಟು:
ಕಬಡ್ಡಿ ರೈಡರ್‌ಗಳ ತಾಲೀಮಿನ ಬಗ್ಗೆ ಕೇಳುತ್ತಿದ್ದೇನೆ. ಹುಡುಗನ ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು) ಗರಿಷ್ಠ 120 ಕೆಜಿ, ಅಂದರೆ ಒಮ್ಮೆ ಮಾತ್ರ ಏಳಬಲ್ಲ ತೂಕ. ಶೇ 80 ಅಂದರೆ 96 ಕೆಜಿ, 4 ಸೆಟ್ (ಬಿಡುವಿಲ್ಲದ ಸುತ್ತು), ತಲಾ 6 ರೆಪ್ (ಒಮ್ಮೆ ಕೂತು ಎದ್ದರೆ ಒಂದು ರೆಪ್) ಅಂತ ಪಟ್ಟಿ ಹಾಕಿದೆ. ಹಿಂದಿನ ಸಂಜೆ ಮ್ಯಾಟ್ ಮೇಲೆ ಜೋರು ಆಟವಾಗಿದ್ದರೆ ಬೆಳಿಗ್ಗೆ ಅದೇ 96 ಕೆಜಿ ನಾಲ್ಕನೇ ರೆಪ್‌ಗೇ ನಿಂತುಬಿಡುತ್ತದೆ. ವಿಶ್ರಾಂತಿ ಸಿಕ್ಕಿದ್ದರೆ ಎಂಟು ರೆಪ್ ಸರಾಗ. ದಾರ ಕಟ್ಟಿ ವೇಗ ಅಳೆಯುವ ಸಾಧನ ನಮ್ಮ ಕೈಗೆಟುಕುವುದಿಲ್ಲ, ಸೆಕೆಂಡಿಗೆ 240 ಫ್ರೇಮ್ (ಬಿಡಿ ಚಿತ್ರ) ಹಿಡಿಯುವ ಸ್ಲೋ ಮೋಷನ್ ಇರುವ ಫೋನ್ ಇದೆ. ಅಷ್ಟರಲ್ಲಿ ಆಗುತ್ತದೆಯೇ? ಯಾವ ವೇಗಕ್ಕೆ ಎಷ್ಟು ತೂಕ, ಸೆಟ್ ಎಲ್ಲಿ ನಿಲ್ಲಿಸಬೇಕು?

ರಾಡುಪ್ಲೇಟು:
ಆಗುತ್ತದೆ ಸರ್. ಮೊದಲು ಆ ಹುಡುಗನದೇ ಆದ ತೂಕ-ವೇಗದ ಗೆರೆ ಎಳೆಯಿರಿ. ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿ ಬೇಡ, ಸ್ಕ್ವಾಟ್‌ನಲ್ಲಿ ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಜಾಸ್ತಿ.

ದಣಿವಿಲ್ಲದ ದಿನ 60, 80, 100 ಕೆಜಿ ಹಾಕಿ ಎರಡೆರಡು ರೆಪ್ ಮಾಡಿಸಿ, ನಡುವೆ 3 ನಿಮಿಷ ಬಿಡುವು ಕೊಡಿ. ಪ್ರತಿ ತೂಕಕ್ಕೂ ವೇಗದ ರೆಪ್ ಒಂದನ್ನೇ ಬರೆದುಕೊಳ್ಳಿ. ಉದಾಹರಣೆಗೆ ಕ್ರಮವಾಗಿ ಸೆಕೆಂಡಿಗೆ 0.81, 0.64, 0.47 ಮೀಟರ್ ಬಂತು ಅನ್ನಿ. 20 ಕೆಜಿ ಏರಿದಾಗಲೆಲ್ಲ 0.17 ಇಳಿದಿದೆ. ಗೆರೆಯನ್ನು ಮುಂದಕ್ಕೆ ಎಳೆದರೆ 120 ಕೆಜಿಗೆ 0.30. ಸ್ಕ್ವಾಟ್‌ನಲ್ಲಿ ಗರಿಷ್ಠ ತೂಕ ಸಾಮಾನ್ಯವಾಗಿ ಈ 0.30ರ ಆಸುಪಾಸಿನಲ್ಲೇ ಏಳುತ್ತದೆ, ಆದ್ದರಿಂದ ಗೆರೆ ನಂಬಬಹುದು. 60ಕ್ಕಿಂತ ಹಗುರ ತೂಕ ಸೇರಿಸಬೇಡಿ. ಹಗುರ ತೂಕ ಏಳುವಾಗ ಮೇಲೆ ಬ್ರೇಕ್ ಹಾಕಲೇಬೇಕು, ಅದರಿಂದ ಸರಾಸರಿ ಕುಗ್ಗಿ ಗೆರೆ ಬಾಗುತ್ತದೆ.

ಇನ್ನು ದಿನದ ಲೆಕ್ಕ. ವಾರ್ಮ್ ಅಪ್‌ನ ಕೊನೆಗೆ ಯಾವಾಗಲೂ 80 ಕೆಜಿ, ಎರಡು ರೆಪ್. ಇವತ್ತು 0.64ರ ಬದಲು 0.58 ಬಂದರೆ 0.06 ಕಡಿಮೆ. 0.17ಕ್ಕೆ 20 ಕೆಜಿ ಆದರೆ 0.06ಕ್ಕೆ ಹೆಚ್ಚುಕಡಿಮೆ 7 ಕೆಜಿ. 96 ತೆಗೆದು 90 ಹಾಕಿ. 0.02-0.03 ವ್ಯತ್ಯಾಸಕ್ಕೆಲ್ಲ ಪ್ಲೇಟ್ ಬದಲಿಸಬೇಡಿ, ಅಳತೆಯ ತಪ್ಪೇ ಅಷ್ಟಿರುತ್ತದೆ.

ಇದೆಲ್ಲ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಹುಡುಗ ಪ್ರತಿ ರೆಪ್‌ನಲ್ಲೂ ಮೈಯೆಲ್ಲ ಬಲ ಹಾಕಿ ಏಳಬೇಕು. 60 ಕೆಜಿ ಹಗುರ ಅಂತ ಸುಮ್ಮನೆ ಎದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ಫ್ರೇಮೆಣಿಕೆ:
ಫೋನ್ ಭಾಗ ನಾನು ಹೇಳುತ್ತೇನೆ. ಸರಾಸರಿ ವೇಗ ಅಂದರೆ ಬಾರ್ ಏರಿದ ದೂರವನ್ನು ಅದಕ್ಕೆ ಹಿಡಿದ ಸಮಯದಿಂದ ಭಾಗಿಸುವುದು, ಅಷ್ಟೇ. ದೂರವನ್ನು ಟೇಪಿನಲ್ಲಿ ಅಳೆಯಿರಿ: ನಿಂತಾಗ ಬಾರ್ ತುದಿ ನೆಲದಿಂದ ಎಷ್ಟು, ಕೂತಾಗ ಎಷ್ಟು. 60 ಸೆಂಮೀ ಬಂತು ಅಂದುಕೊಳ್ಳಿ. 240 ಫ್ರೇಮ್ ವಿಡಿಯೊದಲ್ಲಿ ಏಳಲು 288 ಫ್ರೇಮ್ ಹಿಡಿದರೆ 1.2 ಸೆಕೆಂಡ್, ವೇಗ 0.50. ಎರಡೂ ತುದಿಯಲ್ಲಿ ಒಂದೊಂದು ಫ್ರೇಮ್ ತಪ್ಪಿದರೂ ಶೇ 1 ದಾಟುವುದಿಲ್ಲ. 30 ಫ್ರೇಮ್‌ನ ಮಾಮೂಲಿ ವಿಡಿಯೊದಲ್ಲಿ ಅದೇ ತಪ್ಪು ಶೇ 5 ಮೀರುತ್ತದೆ.

ಕೆಲವು ಫೋನ್‌ಗಳು 240 ಎಂದು ತೋರಿಸಿದರೂ ಅಷ್ಟು ಫ್ರೇಮ್ ನಿಜವಾಗಿ ಹಿಡಿಯುವುದಿಲ್ಲ. ಇನ್ನೊಂದು ಫೋನಿನ ಸ್ಟಾಪ್‌ವಾಚ್ ಓಡಿಸಿ ಅದನ್ನೇ ಶೂಟ್ ಮಾಡಿ ನೋಡಿ, 5 ಸೆಕೆಂಡಿಗೆ 1200 ಫ್ರೇಮ್ ಸಿಗಬೇಕು. ನೂರನೇ ಭಾಗದ ಅಂಕಿ ಫ್ರೇಮ್‌ನಿಂದ ಫ್ರೇಮ್‌ಗೆ ಹಾರುತ್ತಿದ್ದರೆ ಆ ಮೋಡ್ ನಂಬಬೇಡಿ.

ನಿಜವಾದ ತೊಡಕು ಇರುವುದು ತಳದಲ್ಲಿ. ಒಂದೊಂದೇ ಫ್ರೇಮ್ ಸರಿಸಿದರೆ ಬಾರ್ ಎಂಟು-ಹತ್ತು ಫ್ರೇಮ್ ಅಲ್ಲಾಡದೆ ನಿಂತಂತೆ ಕಾಣುತ್ತದೆ. ಪ್ಲೇಟಿನ ಅಂಚು ಮೇಲಕ್ಕೆ ಸರಿಯುವ ಮುಂಚಿನ ಕೊನೆಯ ಫ್ರೇಮ್‌ನಿಂದ ಎಣಿಸಿ, ಪ್ರತಿ ಸಲವೂ ಒಬ್ಬರೇ ಎಣಿಸಿ. ಮೇಲ್ತುದಿಗೆ: ಕೂರುವ ಮುಂಚೆ ಬಾರ್ ಎಲ್ಲಿತ್ತೋ ಅಲ್ಲಿ ವಿಡಿಯೊ ನೋಡುವ ಪರದೆಗೆ ಸಣ್ಣ ಟೇಪ್ ಅಂಟಿಸಿ, ಬಾರ್ ಅಲ್ಲಿಗೆ ಮೊದಲು ಮುಟ್ಟಿದ ಫ್ರೇಮ್ ಲೆಕ್ಕಕ್ಕೆ. ಹಗುರ ತೂಕದಲ್ಲಿ ಹುಡುಗ ಹೆಬ್ಬೆರಳ ಮೇಲೆ ಏಳುತ್ತಾನೆ, ಆ ಎಗರನ್ನು ಸೇರಿಸಬೇಡಿ. ಫೋನ್ ಸ್ಟ್ಯಾಂಡಿನ ಮೇಲೆ, ಪಕ್ಕಕ್ಕೆ, ಸೊಂಟದೆತ್ತರಕ್ಕೆ ಇರಲಿ.

ರಾಡುಪ್ಲೇಟು:
ಸೆಟ್ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ: ಆ ಸೆಟ್ಟಿನ ಅತಿ ವೇಗದ ರೆಪ್‌ಗಿಂತ ಶೇ 20 ಇಳಿದಾಗ. 0.50ರಿಂದ ಶುರುವಾದರೆ 0.40ಕ್ಕೆ ಬಾರ್ ರ್‍ಯಾಕಿಗೆ (ಬಾರ್ ಇಡುವ ಸ್ಟ್ಯಾಂಡಿಗೆ). ಸ್ಪೇನಿನ ಪರೇಹಾ-ಬ್ಲಾಂಕೊ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ವಾರ ಒಂದು ಗುಂಪು ಶೇ 20ಕ್ಕೆ, ಇನ್ನೊಂದು ಶೇ 40ಕ್ಕೆ ಸ್ಕ್ವಾಟ್ ನಿಲ್ಲಿಸಿತ್ತು. ಬಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಏರಿತು, ಜಿಗಿತ ಶೇ 20ರವರಲ್ಲಿ ಹೆಚ್ಚು ಸುಧಾರಿಸಿತು, ಸ್ನಾಯುವಿನ ಗಾತ್ರ ಶೇ 40ರವರಲ್ಲಿ ಹೆಚ್ಚು ಬೆಳೆಯಿತು. 30 ಸೆಕೆಂಡಿನ ರೈಡ್‌ನಲ್ಲಿ ಮೈದಾನದ ನಡುಗೆರೆಗೆ ಹಾರಬೇಕಾದವನಿಗೆ, ಅದೂ ತೂಕದ ಮಿತಿ ಇರುವ ಆಟದಲ್ಲಿ, ನನ್ನ ಆಯ್ಕೆ ಸ್ಪಷ್ಟವಾಗಿ ಶೇ 20. ಪಂದ್ಯದ ವಾರ ಶೇ 10 ಸಾಕು.

ಅದೇ ಶೇಕಡಾವನ್ನು ಬೆಂಚ್ ಪ್ರೆಸ್‌ಗೆ (ಮಲಗಿ ಎದೆಯಿಂದ ಬಾರ್ ಮೇಲಕ್ಕೆ ತಳ್ಳುವುದು) ಹಾಗೇ ಎತ್ತಿ ಹಾಕಬೇಡಿ. ಸ್ಕ್ವಾಟ್‌ನಲ್ಲಿ 0.50ರಿಂದ ಶೇ 40 ಇಳಿದರೆ 0.30, ಅಂದರೆ ಇನ್ನೊಂದು ರೆಪ್ ಏಳುವುದು ಅನುಮಾನ. ಬೆಂಚ್‌ನಲ್ಲಿ ಗರಿಷ್ಠ ತೂಕ ಏಳುವುದು 0.16ರ ಹತ್ತಿರ, ಶೇ 40 ಇಳಿದರೂ ಇನ್ನೂ ಕೆಲವು ರೆಪ್ ಉಳಿದಿರುತ್ತವೆ.

ತೊಡೆತಟ್ಟು:
ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. ಸೆಟ್ ನಡುವೆ ಪ್ರತಿ ರೆಪ್ ಫ್ರೇಮ್ ಎಣಿಸಲು ಸಮಯ ಎಲ್ಲಿ? ಮತ್ತೆ, ಐದನೇ ರೆಪ್‌ಗೆ ವೇಗ ಇದ್ದಕ್ಕಿದ್ದಂತೆ ಏರುವುದು ಯಾಕೆ?

ಫ್ರೇಮೆಣಿಕೆ:
ಐದನೆಯದರಲ್ಲಿ ಬಹುಶಃ ಪೂರ್ತಿ ಕೂರದೆ ಅರ್ಧಕ್ಕೇ ಎದ್ದಿರುತ್ತಾನೆ. ತಳದ ಕೆಲವು ಸೆಂಮೀ ತಪ್ಪಿದರೆ ಏಳಲು ಹಿಡಿಯುವ ಸಮಯವೂ ಕಡಿಮೆಯಾಗುತ್ತದೆ, ನೀವು ಮಾತ್ರ 60 ಸೆಂಮೀ ಎಂದೇ ಭಾಗಿಸುತ್ತೀರಿ. ರ್‍ಯಾಕಿನ ಎರಡು ಕಂಬಗಳ ನಡುವೆ, ಹಿಂದೆ, ಸರಿಯಾದ ಎತ್ತರಕ್ಕೆ ತೆಳು ರಬ್ಬರ್ ಬ್ಯಾಂಡ್ ಕಟ್ಟಿ. ಪೃಷ್ಠ ಅದಕ್ಕೆ ತಾಗದ ರೆಪ್ ಲೆಕ್ಕಕ್ಕಿಲ್ಲ.

ಸಮಯದ ಮಾತಿಗೆ: 80 ಕೆಜಿಯ ಎರಡು ರೆಪ್ ಮಾತ್ರ ಅಲ್ಲೇ ಎಣಿಸಿ, ಎರಡು ನಿಮಿಷದ ಕೆಲಸ. ಕೆಲಸದ ಸೆಟ್‌ಗಳನ್ನು ಸಂಜೆ ನೋಡಿ. ಆತನಿಗೆ ಎಷ್ಟನೇ ರೆಪ್‌ಗೆ ಶೇ 20 ಇಳಿಯುತ್ತದೆ ಅಂತ ಎರಡು ವಾರದಲ್ಲಿ ಗೊತ್ತಾಗುತ್ತದೆ, ಆಮೇಲೆ ಅಷ್ಟೇ ರೆಪ್ ಬರೆದುಕೊಡಿ. ಗೆರೆಯನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಹೊಸದಾಗಿ ಎಳೆಯಿರಿ.