ಅಪ್ಪನ ಮಾತ್ರೆಗೆ ತಿಂಗಳಿಗೆ 2,100: ದಾವಣಗೆರೆಯವರು ಏನು ಮಾಡ್ತೀರಿ?

ಅಪ್ಪಾಜಿಗೆ 67. ಬಿಪಿ, ಶುಗರ್ ಎರಡೂ ಇದೆ. ವಿದ್ಯಾನಗರದ ಒಬ್ಬ ಡಾಕ್ಟರ ಹತ್ರ ಆರು ವರ್ಷದಿಂದ ತೋರಿಸ್ತಿದೀವಿ. ಫೀಸು ಕಡಿಮೆ, ಆದರೆ ಚೀಟಿಯಲ್ಲಿ ಈಗ ಎಂಟು ಮಾತ್ರೆ. ಕ್ಲಿನಿಕ್ ಪಕ್ಕದ ಅಂಗಡಿ ಬಿಟ್ಟರೆ ಆ ಕಂಪನಿಯವು ಬೇರೆ ಕಡೆ ಸಿಗಲ್ಲ. ಡಾಕ್ಟರನ್ನೇ ಬದಲಾಯಿಸಬೇಕಾ?

ಪಿ.ಜೆ. ಬಡಾವಣೆಯಿಂದ: ಬದಲಾಯಿಸೋ ಮುಂಚೆ ಅವರನ್ನೇ ಕೇಳಿ ನೋಡಿ. ನಮ್ಮತ್ತೆಯದೂ ಇದೇ ಕತೆ. ಬೈಸಿಕೊಳ್ತೀನೇನೋ ಅಂತ ಎರಡು ಸಲ ಬಾಯಿಬಿಡದೇ ವಾಪಸ್ ಬಂದಿದ್ದೆ. ಮೂರನೇ ಸಲ ಚೀಟಿ ಮುಂದಿಟ್ಟು, ‘ಸರ್, ಇದರಲ್ಲಿ ಬಿಟ್ಟರೂ ನಡೆಯೋದು ಯಾವುದು?’ ಅಂದೆ. ಅವರೇ ಗ್ಯಾಸಿನ ಪ್ಯಾಂಟೊಪ್ರಜೋಲ್ ಹೊಡೆದು ಹಾಕಿದರು. ಯಾವಾಗಲೋ ಮಂಡಿನೋವಿನ ಮಾತ್ರೆ ಜೊತೆ ಬರೆದದ್ದಂತೆ. ನೋವಿನ ಮಾತ್ರೆ ನಿಂತು ವರ್ಷವಾಗಿತ್ತು, ಇದು ಮಾತ್ರ ಚೀಟಿಯಿಂದ ಚೀಟಿಗೆ ಇಳಿದು ಬರ್ತಾನೇ ಇತ್ತು.

ಮೆಡಿಕಲ್ ಶಾಪಿನಲ್ಲಿ ಒಂಬತ್ತು ವರ್ಷ ಇದ್ದವನು: ಚೀಟಿಯಲ್ಲಿ ಕಂಪನಿ ಹೆಸರಿದ್ದರೆ ಅದರ ಬದಲು ಬೇರೆ ಕಂಪನಿಯದು ಕೊಡೋ ಹಂಗಿಲ್ಲ. ಡ್ರಗ್ಸ್ ನಿಯಮ 65ರಲ್ಲೇ ಅದು ಐತಿ. ಹಾಗಾಗಿ ಶುಗರಿಗೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್ ಅಂತ ಔಷಧಿಯ ಹೆಸರನ್ನೇ ಡಾಕ್ಟರ ಕೈಲಿ ಬರೆಸಿಕೊಳ್ರಿ. ಆಮೇಲೆ, ಎರಡು ಮೂರು ಔಷಧಿ ಸೇರಿಸಿ ಮಾಡಿದ ಮಾತ್ರೆ ಇದ್ದರೆ ಅದನ್ನ ಮೊದಲು ನೋಡ್ರಿ. ಮೆಟ್‌ಫಾರ್ಮಿನ್ 500, ಶುಗರಿನದೇ ಇನ್ನೊಂದು ಔಷಧಿ ಗ್ಲಿಮೆಪಿರೈಡ್ ಬಿಡಿಬಿಡಿಯಾಗಿ ಸರ್ಕಾರ ಗರಿಷ್ಠ ದರ ಕಟ್ಟಿರೋ ಪಟ್ಟಿಯಲ್ಲಿವೆ. ಸೇರಿಸಿದವು ಎಷ್ಟೋ ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರದ ಔಷಧಿಗೆ ಕಂಪನಿಯವರು ವರ್ಷಕ್ಕೆ ಶೇ 10ರವರೆಗೆ ಬೆಲೆ ಏರಿಸಬಹುದು. ಬಿಡಿಯಾಗಿ ಕೊಂಡರೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿಸ್ರಿ. ಆದರೆ ಒಂದರ ಬದಲು ಎರಡು ನುಂಗಬೇಕು, ವಯಸ್ಸಾದವರು ಮರೆತರೆ ಉಳಿತಾಯಕ್ಕಿಂತ ನಷ್ಟವೇ ಜಾಸ್ತಿ.

ಚಿತ್ರದುರ್ಗದಿಂದ: ಜನೌಷಧಿ ಕೇಂದ್ರದಲ್ಲಿ ನಮ್ಮ ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂತು. ಒಂದೇ ಕಾಟ: ನಾಲ್ಕು ಕೇಳಿದರೆ ಮೂರು ಇರುತ್ತೆ. ಮಾತ್ರೆ ಮುಗಿಯೋಕೆ ಹತ್ತು ದಿನ ಇರುವಾಗಲೇ ಹೋಗಿ. ಥೈರಾಯ್ಡ್, ಫಿಟ್ಸ್ ಮಾತ್ರೆಗಳ ಕಂಪನಿಯನ್ನ ಮಾತ್ರ ಡಾಕ್ಟರಿಗೆ ಹೇಳದೇ ಬದಲಾಯಿಸಬೇಡಿ. ದುಡ್ಡಿನ ತಾಪತ್ರಯವೇ ಇದ್ದರೆ ನಿಮ್ಮೂರಿನ ಚಿಗಟೇರಿ ಜಿಲ್ಲಾಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ವಿಚಾರಿಸಿ, ಬಿಪಿ ಶುಗರಿನ ಮಾತ್ರೆ ಅಲ್ಲಿ ಪುಕ್ಕಟೆ. ಕ್ಯೂಗೆ ಅರ್ಧ ದಿನ ಇಟ್ಟುಕೊಳ್ಳಿ.

ಹರಿಹರದಿಂದ: ವಿಟಮಿನ್ ಅಂತ ನೀವೇ ತೆಗೆದು ಹಾಕಬೇಡಿ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಿಗೆ ಬಿ12 ಇಳಿಯುತ್ತೆ. ನಮ್ಮಣ್ಣ ಹಂಗೇ ಬಿಟ್ಟು, ಅಂಗಾಲು ಜೋಮು ಹಿಡಿದು ಒದ್ದಾಡಿದ.

ಕೇಳಿದವನು, ಎರಡು ವಾರದ ಮೇಲೆ: ಕೇಳಿದೆ. ಒಂದು ಮಾತ್ರೆ ತೆಗೆದರು, ಮೂರಕ್ಕೆ ಔಷಧಿಯ ಹೆಸರು ಬರೆದುಕೊಟ್ಟರು. ಹರಿಹರದವರು ಹೇಳಿದ್ದೇ ನಿಜ, ವಿಟಮಿನ್ ಬಿಡಬೇಡಿ ಅಂದರು. ಈ ತಿಂಗಳು 1,280 ಆಯ್ತು. ಪಕ್ಕದ ಅಂಗಡಿಯವನು ಮಾತ್ರ ಈಗ ಮುಖ ಕೊಟ್ಟು ಮಾತಾಡಲ್ಲ.