ಪದಚರ್ಚೆ: ‘ಎನ್‌ಗ್ರೇವಿಂಗ್’, ‘ಕೋಟ್ ಆಫ್ ಆರ್ಮ್ಸ್’ (ತುರ್ತು)

ಗೆಳೆಯರೇ, ನಾಳೆ ಸಂಜೆಯೊಳಗೆ ಒಂದು ಪ್ರದರ್ಶನದ ಫಲಕ ಅಚ್ಚಿಗೆ ಹೋಗಬೇಕು. ಚಿತ್ರ 1625ರದ್ದು, ರೋಮ್‌ನದು. ಮಥೇಯಸ್ ಗ್ರಾಯ್ಟರ್ ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಮೂರು ಜೇನುಹುಳಗಳು. ಸೂಕ್ಷ್ಮದರ್ಶಕದಲ್ಲಿ ನೋಡಿ ಬಿಡಿಸಿದ್ದು. ಲಿಂಚೈ ಅಕಾಡೆಮಿ ಎಂಬ ವಿದ್ವಾಂಸರ ಕೂಟದವರು ಇದನ್ನು ಪೋಪ್ ಎಂಟನೇ ಅರ್ಬನ್‌ಗೆ ಅರ್ಪಿಸಿದರು. ಪೋಪ್ ಹುಟ್ಟಿದ ಬಾರ್ಬೆರಿನಿ ಮನೆತನದ ಚಿಹ್ನೆಯೇ ಮೂರು ಜೇನುಹುಳ. ಮೇಲಿನ ಎರಡು ಪದಗಳಿಗೆ ಕನ್ನಡ ಬೇಕು. ಮೊದಲನೆಯದಕ್ಕೆ ‘ಉಬ್ಬುಚಿತ್ರ’ ಆಗುತ್ತದೆಯೇ?

ಮರು:
ಆಗುವುದಿಲ್ಲ. ಉಬ್ಬುಚಿತ್ರದಲ್ಲಿ ರೂಪ ಮೇಲೆದ್ದಿರುತ್ತದೆ. ಇಲ್ಲಿ ಗೆರೆ ತಗ್ಗಿನಲ್ಲಿದೆ, ಮಸಿ ನಿಲ್ಲುವುದು ಆ ತಗ್ಗಿನಲ್ಲೇ. ‘ಕಂಡರಣೆ’ ಅನ್ನಿ. ಶಾಸನಗಳ ಕೊನೆಯಲ್ಲಿ ‘ಕಂಡರಿಸಿದ’ (ಕೆತ್ತಿದ) ಅಂತ ರೂವಾರಿಯ ಹೆಸರು ಬರುತ್ತದಲ್ವಾ, ಅದೇ. ಎರಡನೆಯದಕ್ಕೆ ‘ಗುರುತು’ ಸಾಕು. ‘ಲಾಂಛನ’ ಸಂಸ್ಕೃತ, ಬೇಡ.

ಮರು:
> ‘ಗುರುತು’ ಸಾಕು

ಸಾಲದು ಸರ್. ಕುರಿಯ ಕಿವಿಗೆ ಹಾಕುವುದೂ ಗುರುತೇ. ಬಾರ್ಬೆರಿನಿಗಳ ಹಳೆಯ ಹೆಸರು ತಫಾನಿ. ಆಗ ಅವರ ಲಾಂಛನದಲ್ಲಿದ್ದದ್ದು ದನ ಕಚ್ಚುವ ನೊಣ! ಮನೆತನ ಮೇಲೇರಿತು, ನೊಣ ಹೋಗಿ ಜೇನುಹುಳ ಬಂತು. ಸಂತ ಪೀಟರ್ ಚರ್ಚಿನಲ್ಲಿ ಶಿಲ್ಪಿ ಬರ್ನಿನಿ ಮಾಡಿದ ಕಂಚಿನ ಮಂಟಪದಲ್ಲೂ ಅದೇ ಹುಳ. ‘ಇದು ನಮ್ಮ ಆಳ್ವಿಕೆ’ ಅಂತ ಸಾರುವ ಹುಳ ಅದು. ಚಾಲುಕ್ಯರ ವರಾಹವನ್ನು ನಾವು ಲಾಂಛನ ಅಂತಲೇ ಓದಿದ್ದೇವೆ. ಈಗ ಆ ಪದವನ್ನೂ ಹೊರಗೆ ಹಾಕಬೇಕೇ?

‘ಕಂಡರಣೆ’ಯೂ ಇಲ್ಲಿಗೆ ಹೊಂದುವುದಿಲ್ಲ. ಶಾಸನ ಕೊರೆದರೆ ಕೆಲಸ ಮುಗಿಯಿತು. ಇಲ್ಲಿ ಕೊರೆದದ್ದು ಅರ್ಧ ಕೆಲಸ. ಒತ್ತಿ ತೆಗೆದ ಹಾಳೆಯೇ ಚಿತ್ರ, ಅದು ಊರೂರಿಗೆ ಹೋಗಬಲ್ಲದು. ‘ಅಚ್ಚು’ ಬರಲೇಬೇಕು. ‘ತಾಮ್ರದಚ್ಚು’ ನೋಡಿ.

ಮರು:
‘ತಾಮ್ರ’ವೂ ಎರವಲು. ಕೆಂಪು ಲೋಹಕ್ಕೆ ‘ಚೆಂಬು’ ನಮ್ಮದೇ ಹೆಸರು. ‘ಚೆಂಬಚ್ಚು’ ಅನ್ನಿ. ಇರುವ ಪದ ಬಳಸದೆ ಹೀಗೇ ಒಂದೊಂದಾಗಿ ಕಳೆದುಕೊಂಡೆವು. ಚಾಲುಕ್ಯರ ಕಾಲದಲ್ಲಿ ಬಂದ ಎರವಲೂ ಎರವಲೇ.

ಮರು:
ಸಾವಿರ ವರ್ಷ ನಮ್ಮ ಬಾಯಲ್ಲಿದ್ದ ಪದ ಎರವಲಲ್ಲ. ನನ್ನ ಮಟ್ಟಿಗೆ ಈ ಮಾತು ಇಲ್ಲಿಗೆ ಮುಗಿಯಿತು.

ಮರು:
ಇಬ್ಬರಿಗೂ ವಂದನೆ. ‘ಚೆಂಬು’ ಅಂದರೆ ಇವತ್ತಿನ ಓದುಗರಿಗೆ ನೀರಿನ ಪಾತ್ರೆ, ಹಾಗಾಗಿ ಬಿಟ್ಟಿದ್ದೇನೆ. ಫಲಕಕ್ಕೆ ‘ತಾಮ್ರದ ಕೆತ್ತನೆಯಚ್ಚು’ ಮತ್ತು ‘ಮನೆತನದ ಲಾಂಛನ’ ಹಾಕುತ್ತಿದ್ದೇನೆ. ಇನ್ನೊಂದು ಉಳಿದಿದೆ. ‘ಲಿಂಚೈ’ ಬಂದದ್ದು ಲಿಂಕ್ಸ್ ಎಂಬ ಪ್ರಾಣಿಯಿಂದ. ಅದರ ಕಣ್ಣು ಬಹಳ ಚುರುಕು ಅಂತ ಅಕಾಡೆಮಿಯವರು ಆ ಹೆಸರಿಟ್ಟುಕೊಂಡರು. ‘ಕಾಡುಬೆಕ್ಕು’ ಅನ್ನಲೇ, ಲಿಂಕ್ಸ್ ಅಂತಲೇ ಬಿಡಲೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಸಾಕು.